ಕಾಲು ಸುತ್ತು ಕಾಣೆಯಾಗಿರುವ ಬಗ್ಗೆ

ಇವರಿಗೆ,
ತಾಂತ್ರಿಕ ಸಮಿತಿಯ ಮಾನ್ಯ ಸದಸ್ಯರು,
ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ,
ಲಾಸಾನ್, ಸ್ವಿಟ್ಜರ್ಲೆಂಡ್.

ವಿಷಯ: ಫಿಗರ್ ಸ್ಕೇಟಿಂಗ್ ಜಿಗಿತಗಳಲ್ಲಿ ಕಾಲು ಸುತ್ತು ಪದೇಪದೇ ಕಾಣೆಯಾಗುತ್ತಿರುವುದು ಮತ್ತು ಕೆಲವರದು ಮಾತ್ರ ವಾಪಸ್ ಸಿಗುತ್ತಿರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಐಸ್ ಮೇಲೆ ಕಾಲಿಟ್ಟವನಲ್ಲ. ಟೀವಿ ಮುಂದೆ ಕೂತು ನೋಡುವ ಜಾತಿ. ಹಾಗಾಗಿಯೇ ತಮ್ಮ ಕಣ್ಣುಗಳ ಬಗ್ಗೆ ನನಗೆ ಅಪಾರ ಭಕ್ತಿ. ನಾಲ್ಕು ಸುತ್ತಿನ ಜಿಗಿತದಲ್ಲಿ ಸ್ಕೇಟರ್ ಗಾಳಿಯಲ್ಲಿರುವುದು ಹೆಚ್ಚುಕಡಿಮೆ 0.7 ಸೆಕೆಂಡು. ಭಾಗಿಸಿ ನೋಡಿದರೆ ಕಾಲು ಸುತ್ತಿನ ಪಾಲಿಗೆ ಬರುವುದು ಸುಮಾರು 0.04 ಸೆಕೆಂಡು. ನಾವು ರೆಪ್ಪೆ ಬಡಿಯಲಿಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಷ್ಟರಲ್ಲಿ ತಾವು ಏನೇನೆಲ್ಲ ಕಾಣುತ್ತೀರಿ! ಇಳಿಯುವಾಗ ಸುತ್ತಿನ ಕೊರತೆ 90 ಡಿಗ್ರಿ, ಅಂದರೆ ಕಾಲು ಸುತ್ತು, ದಾಟಿದರೆ ಅಂಕಪಟ್ಟಿಯಲ್ಲಿ ಒಂದು ಬಾಣದ ಗುರುತು, ಮೂಲ ಅಂಕದಲ್ಲಿ ಶೇ 20 ಖೋತಾ. 180 ಮುಟ್ಟಿದರೆ ಎರಡು ಬಾಣ, ಒಂದು ಸುತ್ತೇ ಲೆಕ್ಕಕ್ಕಿಲ್ಲ. ಮೂರು ಸುತ್ತಿನ ಲಟ್ಜ್ ಜಿಗಿತಕ್ಕೆ 5.90 ಅಂಕ, ಒಂದು ಬಾಣ ಬಿದ್ದರೆ 4.72, ಎರಡು ಬಿದ್ದರೆ 2.10. ಇದು ಸಾಲದೆಂದು 2020ರಲ್ಲಿ 'ಕ್ಯೂ' ಎಂಬ ಗುರುತನ್ನೂ ತಂದಿರಿ. ಕೊರತೆ ಸರಿಯಾಗಿ 90 ಡಿಗ್ರಿ ಇದ್ದಾಗ ಮಾತ್ರ ಅದು. 89 ಅಲ್ಲ, 91 ಅಲ್ಲ. ಅಳೆಯುವ ಸಾಧನ? ಕಣ್ಣು. ತಕ್ಕಡಿಯಿಲ್ಲದ ಅಕ್ಕಸಾಲಿ ಉಂಗುರವನ್ನು ಅಂಗೈಯಲ್ಲೇ ತೂಗಿ ಮಿಲಿಗ್ರಾಂ ಲೆಕ್ಕ ಹೇಳಿದರೆ ಗಿರಾಕಿ ಜಗಳಕ್ಕಾದರೂ ನಿಲ್ಲಬಹುದು. ಸ್ಕೇಟರ್‌ಗೆ ಆ ಭಾಗ್ಯವೂ ಇಲ್ಲ. ಕೂಡಿ ಕಳೆಯುವುದರಲ್ಲಿ ತಪ್ಪಾದರೆ ತಕರಾರಿಗೆ ಅವಕಾಶ ಉಂಟು, ತಮ್ಮ ಕಣ್ಣು ತಪ್ಪಿದರೆ ಇಲ್ಲ.

ರೀಪ್ಲೇ ಇದೆಯಲ್ಲ ಎನ್ನುತ್ತೀರಿ. ಇದೆ. ಎಷ್ಟೋ ವರ್ಷ ಅದು ಒಂದೇ ಕ್ಯಾಮೆರಾದ ಕೋನ. ಕ್ಯಾಮೆರಾದ ಎದುರಿಗೇ ಇಳಿದವಳ ಪಾಪವೆಲ್ಲ ಬಯಲು; ಆಚೆ ಮೂಲೆಯಲ್ಲಿ ಬೆನ್ನು ಮಾಡಿ ಇಳಿದವಳು ಪುಣ್ಯವಂತೆ. ಇನ್ನೊಂದು ವಿಶೇಷ: ನೆಲ ಬಿಡುವ ಮುಂಚೆಯೇ ಐಸ್ ಮೇಲೆ ತಿರುಗಿಕೊಂಡು ಸುತ್ತು ಉಳಿಸುವವರನ್ನು ಹಿಡಿಯಬೇಕಾದರೆ ರೀಪ್ಲೇಯನ್ನು ಮಾಮೂಲು ವೇಗದಲ್ಲೇ ನೋಡಬೇಕು ಎಂದು ತಮ್ಮ ಕೈಪಿಡಿ ಹೇಳುತ್ತದೆ. ಇಳಿಯುವಾಗಿನ ಕಳ್ಳತನಕ್ಕೆ ನಿಧಾನಗತಿ, ಏರುವಾಗಿನ ಕಳ್ಳತನಕ್ಕೆ ಓಟದ ಗತಿ! ಅನುಮಾನವಿದ್ದರೆ ಸ್ಕೇಟರ್ ಪರ ನಿಲ್ಲಬೇಕು ಎಂಬ ಮಾತೂ ಅದೇ ಕೈಪಿಡಿಯಲ್ಲಿದೆ. ಯಾವ ಸ್ಕೇಟರ್ ಪರ ಎಂಬುದನ್ನು ಮಾತ್ರ ಬರೆದಿಲ್ಲ.

2014ರ ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ ಸ್ಪರ್ಧೆ ತಮಗೆ ಮರೆತಿರಲಾರದು. ರಷ್ಯಾದ ಅಡೆಲಿನಾ ಸೋಟ್ನಿಕೋವಾ 224.59, ಕೊರಿಯಾದ ಯುನಾ ಕಿಮ್ 219.11. ಸೋಟ್ನಿಕೋವಾರ ಜೋಡಿ ಜಿಗಿತದಲ್ಲಿ ಸುತ್ತು ಪೂರ್ತಿಯಾಗಿತ್ತೇ ಎಂದು ಅಭಿಮಾನಿಗಳು ಚಿತ್ರ ನಿಲ್ಲಿಸಿ ನಿಲ್ಲಿಸಿ ಕೋನ ಎಳೆದರು. ಅಂದು ತಾಂತ್ರಿಕ ನಿಯಂತ್ರಕರ ಕುರ್ಚಿಯಲ್ಲಿ ಕೂತಿದ್ದವರು ರಷ್ಯಾದ ಸ್ಕೇಟಿಂಗ್ ಒಕ್ಕೂಟದ ಉಪಾಧ್ಯಕ್ಷರು. ಅವರು ಅನ್ಯಾಯ ಮಾಡಿದರೆಂದು ನಾನು ಹೇಳುತ್ತಿಲ್ಲ; ಮಾಡಿಲ್ಲವೆಂದು ತೋರಿಸಲು ತಮ್ಮ ಬಳಿ ಏನಿತ್ತು ಎಂದಷ್ಟೇ ಕೇಳುತ್ತಿದ್ದೇನೆ. ಕೊರಿಯಾದವರು ತೀರ್ಪುಗಾರರ ಸಮಿತಿಯ ರಚನೆಯ ವಿರುದ್ಧ ಕೊಟ್ಟ ದೂರನ್ನು ಅದೇ ವರ್ಷ ವಜಾ ಮಾಡಿ ಕೈತೊಳೆದುಕೊಂಡಿರಿ.

ಪರಿಹಾರ ಹುಡುಕುವ ತೊಂದರೆಯನ್ನೂ ಸ್ಕೇಟರ್ ಒಬ್ಬರೇ ತೆಗೆದುಕೊಂಡರು. ಎರಡು ಒಲಿಂಪಿಕ್ ಚಿನ್ನ ಗೆದ್ದ ಯುಜುರು ಹನ್ಯು ಮೈಗೆಲ್ಲ ಸೆನ್ಸರ್ ಕಟ್ಟಿಕೊಂಡು ಜಿಗಿದು, ಆ ದಾಖಲೆ ತೀರ್ಪಿಗೂ ನೆರವಾದೀತೇ ಎಂದು ವಾಸೆಡಾ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನೇ ಬರೆದರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿನ ಆಕ್ಸೆಲ್‌ಗೆ ಹಾರಿ ಬಿದ್ದಾಗ ತಾವು ಅವರಿಗೆ ಕೊಟ್ಟದ್ದು ಒಂದು ಬಾಣ. ಅದು ನ್ಯಾಯವಾದ ಬಾಣವೇ, ಒಪ್ಪಿದೆ. ಆದರೆ ಪ್ರಬಂಧವನ್ನು ಯಾರಾದರೂ ಓದಿದಿರಾ?

ತಮ್ಮ ಊರಲ್ಲೇ, ಲಾಸಾನ್‌ನಲ್ಲೇ, ಜಿಮ್ನಾಸ್ಟಿಕ್ಸ್ ಒಕ್ಕೂಟದ ಕಚೇರಿಯೂ ಇದೆ. 2019ರ ವಿಶ್ವ ಚಾಂಪಿಯನ್‌ಷಿಪ್‌ನಿಂದಲೇ ಅವರು ಫುಜಿತ್ಸು ಕಂಪನಿಯ ಯಂತ್ರವನ್ನು ತೀರ್ಪುಗಾರರ ನೆರವಿಗೆ ಕೂರಿಸಿದ್ದಾರೆ. ಈಚೆಗೆ ತಾವೂ ಕಂಪ್ಯೂಟರ್ ಕಣ್ಣನ್ನು ಪರೀಕ್ಷಿಸುತ್ತಿದ್ದೀರೆಂದು ತಿಳಿದು ಸಂತೋಷವಾಯಿತು. ಪರೀಕ್ಷೆ ಮುಗಿಯುವ ಹೊತ್ತಿಗೆ ಇನ್ನೆಷ್ಟು ಮಂದಿಯ ಮಂಡಿ ಸವೆಯುತ್ತದೋ.

ಆದಕಾರಣ ತಾವು ದಯಮಾಡಿ ಪ್ರತಿ ಸ್ಪರ್ಧೆಯಲ್ಲೂ ಎದುರು ಮೂಲೆಯಲ್ಲಿ ಒಂದು ಕ್ಯಾಮೆರಾ ಇಡಿಸಿ, ಪ್ರತಿ ಬಾಣದ ಜೊತೆಗೂ ಅದಕ್ಕೆ ಆಧಾರವಾದ ಚಿತ್ರವನ್ನು ಅಂಕಪಟ್ಟಿಯಲ್ಲೇ ಪ್ರಕಟಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕ