ಸಿದ್ದಾಪುರ ಪೇಟೆಯ ಆರ್‌ಸಿಬಿ ಮೀಮಾಂಸೆ: ಬೀಸಾಟ, ನಿಂತಾಟ ಮತ್ತು ಬಿಟ್ಟವರ ವಿಚಾರ

ರಾಯಲ್ ಚಾಲೆಂಜರ್ಸ್ ಬೆಂಗಳೂರು ಎಂಬ ಕ್ರಿಕೆಟ್ ತಂಡವು ಹೇಗೆ ಬ್ಯಾಟ್ ಬೀಸಬೇಕಿತ್ತು ಮತ್ತು ಯಾರನ್ನು ಬಿಡಬಾರದಿತ್ತು ಎಂಬೆರಡು ಪ್ರಶ್ನೆಗಳನ್ನು, ಆ ತಂಡದಲ್ಲಿ ಯಾವ ಅಧಿಕಾರವೂ ಇಲ್ಲದವರು ಪೂರ್ಣ ಅಧಿಕಾರವಾಣಿಯಿಂದ ತೀರ್ಮಾನಿಸುವ ಶಾಸ್ತ್ರಕ್ಕೆ ಆರ್‌ಸಿಬಿ ಮೀಮಾಂಸೆಯೆಂದು ಹೆಸರು. ಈ ಶಾಸ್ತ್ರಕ್ಕೆ ರಾಜ್ಯದ ಪ್ರತಿ ಹೋಬಳಿಯಲ್ಲೂ ಪೀಠಗಳಿದ್ದರೂ, ಕುಂದಾಪುರದಿಂದ ಬಾಳೆಬರೆ ಘಾಟಿಯತ್ತ ಹೋಗುವ ದಾರಿಯಲ್ಲಿ ಹೊಸಂಗಡಿಗಿಂತ ಮೊದಲು ಸಿಗುವ ಸಿದ್ದಾಪುರದ ಪೀಠವನ್ನು ಪ್ರಸ್ತುತ ಪ್ರಬಂಧವು ಆರಿಸಿಕೊಂಡಿದೆ. ಉತ್ತರ ಕನ್ನಡದ ಸಿದ್ದಾಪುರ ಬೇರೆ, ಇದು ಬೇರೆ. ಅಲ್ಲಿನವರಿಗೂ ಇದೇ ತಂಡದಿಂದ ಇದೇ ಸಂಕಟವಾಗಿದೆಯಾದರೂ ಆ ಸಂಕಟದ ಪಾಠಭೇದಗಳನ್ನು ಇನ್ನೊಬ್ಬರು ಸಂಪಾದಿಸಬೇಕಾಗಿದೆ.

ಈ ಪೀಠದಲ್ಲಿ ಅಧ್ಯಯನ ನಡೆಯುವ ಕ್ರಮವನ್ನು ಮೊದಲು ತಿಳಿಯಬೇಕು. ರಿಕ್ಷಾ ನಿಲ್ದಾಣದಲ್ಲಿ ಸಾಲಿನ ಕೊನೆಯ ರಿಕ್ಷಾದ ಹ್ಯಾಂಡಲಿಗೂ ಗಾಜಿಗೂ ನಡುವೆ ಒಂದು ಮೊಬೈಲನ್ನು ಅಡ್ಡಲಾಗಿ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ನಾಲ್ವರು, ಎರಡೂ ಬದಿಯಲ್ಲಿ ಬಗ್ಗಿದವರು ಏಳೆಂಟು ಮಂದಿ, ಇವರೆಲ್ಲರ ಭುಜದ ಮೇಲಿಂದ ಸ್ಕೋರು ಮಾತ್ರ ಕೇಳುವವರು ಇನ್ನಷ್ಟು ಮಂದಿ ಸೇರಿದರೆ ಅದೇ ವಿದ್ವತ್ಸಭೆ. ಸಾಲಿನ ಕೊನೆಯ ರಿಕ್ಷಾವನ್ನೇ ಆರಿಸುವುದಕ್ಕೆ ಕಾರಣವುಂಟು: ಮುಂದಿನ ರಿಕ್ಷಾಕ್ಕೆ ಬಾಡಿಗೆ ಬಂದರೆ ಹದಿನೆಂಟನೆಯ ಓವರಿನಲ್ಲಿ ಸಭೆಯೇ ಕಮಲಶಿಲೆಗೆ ಹೊರಟುಹೋಗುವ ಅಪಾಯವಿದೆ.

ಭಾರತೀಯ ತರ್ಕಶಾಸ್ತ್ರದಲ್ಲಿ ಪ್ರಮಾಣವೆಂದರೆ ಸತ್ಯವಾದ ಜ್ಞಾನ ಹುಟ್ಟುವ ದಾರಿ. ಸಿದ್ದಾಪುರದ ಪೀಠವು ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನು, ಅಂದರೆ ಕಣ್ಣಾರೆ ಕಂಡದ್ದನ್ನು, ಅಷ್ಟಾಗಿ ನೆಚ್ಚುವುದಿಲ್ಲ. ಐಪಿಎಲ್ ನಡೆಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಘಾಟಿಯ ಕಡೆಯಿಂದ ಗುಡುಗು ಕೇಳಿದ ಮಾತ್ರಕ್ಕೇ ವಿದ್ಯುತ್ತು ಹೋಗುವುದರಿಂದ, ಹೋಟೆಲಿನ ಟಿವಿಯಲ್ಲಿ ಪ್ರತ್ಯಕ್ಷಕ್ಕೆ ಆಸ್ಪದವಿರುವುದು ಹೆಚ್ಚೆಂದರೆ ಹದಿನೈದನೆಯ ಓವರಿನವರೆಗೆ. ಹೊಸಂಗಡಿಯಲ್ಲಿ ಭೂಮಿಯೊಳಗೆ ಕುಳಿತು 460 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ವಾರಾಹಿ ಜಲವಿದ್ಯುದಾಗಾರವು ಕೂಗಳತೆಯಲ್ಲೇ ಇದ್ದರೂ ಕೊನೆಯ ಐದು ಓವರುಗಳು ಕತ್ತಲೆಯಲ್ಲಿ ಕಳೆಯುವುದನ್ನು ದೀಪದ ಬುಡದ ಕತ್ತಲೆಗೆ ನಿದರ್ಶನವಾಗಿ ಕೊಡುವ ವಾಡಿಕೆಯಿದೆ. ಉಳಿದ ಆಟವು ಅನುಮಾನದಿಂದ, ಅಂದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮದಿಂದ, ಸಿದ್ಧಿಸುತ್ತದೆ. ಎದುರಿನ ಮನೆಯಲ್ಲಿ ಇನ್ವರ್ಟರ್ ಇದ್ದು, ಅಲ್ಲಿಂದ ಕೂಗು ಕೇಳದಿದ್ದರೆ ತಂಡ ಸೋತಿತೆಂದೇ ನಿರ್ಣಯ. ಈ ಅನುಮಾನವು ಹದಿನೇಳು ವರ್ಷ ಹೆಚ್ಚುಕಡಿಮೆ ತಪ್ಪದೆ ನಡೆದುಬಂದಿತ್ತು.

ಶಾಸ್ತ್ರದ ಉಗಮವು 2008ರ ಏಪ್ರಿಲ್ 18ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಐಪಿಎಲ್‌ನ ಮೊತ್ತಮೊದಲ ಪಂದ್ಯದ ರಾತ್ರಿಯೇ ಆಯಿತೆಂಬುದರಲ್ಲಿ ಭಿನ್ನಮತವಿಲ್ಲ. ಕೋಲ್ಕತ್ತದ ಪರವಾಗಿ ಬ್ರೆಂಡನ್ ಮೆಕಲಂ ಒಬ್ಬನೇ 73 ಎಸೆತಗಳಲ್ಲಿ ಔಟಾಗದೆ 158 ಓಟಗಳನ್ನು ಹೊಡೆದರೆ, ದ್ರಾವಿಡ್, ಕಾಲಿಸ್, ಜಾಫರ್ ಮುಂತಾದ ಟೆಸ್ಟ್ ಪಂದ್ಯಗಳ ಮಹಾಮಹೋಪಾಧ್ಯಾಯರನ್ನೆಲ್ಲ ಕಟ್ಟಿಕೊಂಡಿದ್ದ ಬೆಂಗಳೂರು ಇಡೀ ತಂಡವಾಗಿ 82ಕ್ಕೆ ಮುಗಿಯಿತು. ಅಂದು ಎರಡಂಕಿ ಮುಟ್ಟಿದ ಏಕೈಕ ಬ್ಯಾಟುಗಾರ ಬೌಲರ್ ಪ್ರವೀಣ್ ಕುಮಾರ್. ಆತನ 18ಕ್ಕಿಂತಲೂ ಎದುರಾಳಿಗಳು ಪುಕ್ಕಟೆಯಾಗಿ ಕೊಟ್ಟ ಇತರೆ ಓಟಗಳೇ ಒಂದು ಹೆಚ್ಚು. ಐದು ದಿನ ಆಡಬಲ್ಲವರನ್ನು ಮೂರು ಗಂಟೆಯ ಆಟಕ್ಕೆ ಆರಿಸಿದ್ದು ಯಾರು ಎಂದು ಅಂದು ಎದ್ದ ಪ್ರಶ್ನೆಯಲ್ಲಿ ಬ್ಯಾಟಿಂಗಿನ ವಿಚಾರವೂ ಆಯ್ಕೆಯ ವಿಚಾರವೂ ಹೆಣೆದುಕೊಂಡೇ ಹುಟ್ಟಿದವು. ಮುಂದೆ ಅವನ್ನು ಬಿಡಿಸಲು ಪ್ರಯತ್ನಿಸಿದವರಿಗೆ ರಿಕ್ಷಾ ನಿಲ್ದಾಣದಲ್ಲಿ ಮನ್ನಣೆ ಸಿಕ್ಕಿಲ್ಲ.

ಬ್ಯಾಟಿಂಗಿನ ಮೀಮಾಂಸೆಯಲ್ಲಿ ಎರಡು ಪಂಥಗಳಿವೆ. ಒಂದು ತುದಿಯಲ್ಲಿ ಒಬ್ಬನು ಕೊನೆಯವರೆಗೆ ನಿಲ್ಲಬೇಕು, ಉಳಿದವರು ಅವನ ಸುತ್ತ ಹೊಡೆಯಬೇಕು ಎಂಬುದು ನಿಂತಾಟ ಪಂಥ. ಇಪ್ಪತ್ತು ಓವರಿಗೆ ಹತ್ತು ವಿಕೆಟ್ ಇರುವಾಗ ಉಳಿಸಿಟ್ಟ ವಿಕೆಟಿಗೆ ಬಡ್ಡಿ ಕೊಡುವ ಬ್ಯಾಂಕು ಯಾವುದೂ ಇಲ್ಲ ಎಂಬುದು ಬೀಸಾಟ ಪಂಥ. ಎರಡನೆಯವರ ಮುಖ್ಯ ಆಯುಧ ಸ್ಟ್ರೈಕ್‌ರೇಟ್, ಅಂದರೆ ಬ್ಯಾಟುಗಾರನು ನೂರು ಎಸೆತಗಳಿಗೆ ಎಷ್ಟು ಓಟ ತೆಗೆಯುತ್ತಾನೆ ಎಂಬ ಲೆಕ್ಕ. 2024ರ ಏಪ್ರಿಲ್ 6ರಂದು ಜೈಪುರದಲ್ಲಿ ವಿರಾಟ್ ಕೊಹ್ಲಿ 67 ಎಸೆತಗಳಲ್ಲಿ ಶತಕ ಹೊಡೆದು ಔಟಾಗದೆ 113 ಗಳಿಸಿಯೂ ತಂಡ ಸೋತದ್ದು ಬೀಸಾಟದವರ ಪಾಲಿಗೆ ಶ್ರುತಿವಾಕ್ಯಕ್ಕೆ ಸಮಾನ. ಐಪಿಎಲ್‌ನಲ್ಲಿ ಅಷ್ಟು ನಿಧಾನವಾದ ಶತಕ ಅದಕ್ಕೆ ಮುಂಚೆ ಒಂದೇ ಒಂದು ದಾಖಲಾಗಿತ್ತು. ಅದನ್ನು 2009ರಲ್ಲಿ ಹೊಡೆದವರು ಮನೀಷ್ ಪಾಂಡೆ, ಅದೂ ಇದೇ ತಂಡಕ್ಕಾಗಿ, ಎಂಬುದನ್ನು ನೆನಪಿಸಿದರೆ ಬೀಸಾಟದವರ ಮುಖ ಇನ್ನೂ ಬೆಳಗುತ್ತದೆ. 2024ರ ಅದೇ ಋತುವಿನಲ್ಲಿ ಕೊಹ್ಲಿ ಒಟ್ಟು 741 ಓಟ ಗಳಿಸಿ ಎಲ್ಲರಿಗಿಂತ ಮುಂದಿದ್ದರಲ್ಲ, ಅವರೂ ಬೇಗ ಔಟಾಗಿದ್ದರೆ ಉಳಿದ ಹತ್ತು ಜನ ಏನು ಕಿಸಿಯುತ್ತಿದ್ದರು, ಎಂಬುದು ನಿಂತಾಟದವರ ಖಂಡನೆ.

ಬೀಸಾಟ ಪಂಥದ ಮೂಲವನ್ನು ಚಿನ್ನಸ್ವಾಮಿಯಲ್ಲಿ ಹುಡುಕುವುದು ವ್ಯರ್ಥ. ಅದು ಕೊಯ್ಲು ಮುಗಿದ ಗದ್ದೆಯಲ್ಲಿ ಹುಟ್ಟಿದ್ದು. ಕರಾವಳಿಯ ಟೆನಿಸ್‌ಬಾಲ್ ಪಂದ್ಯಾಟಗಳಲ್ಲಿ ಓವರುಗಳು ಬೆರಳೆಣಿಕೆಯವು, ಬೌಂಡರಿಯ ಆಚೆ ಅಡಿಕೆ ತೋಟ, ಮೈಕಿನಲ್ಲಿ ಪ್ರತಿ ಎಸೆತಕ್ಕೂ ವರ್ಣನೆ. ಅಲ್ಲಿ ಎರಡು ಚೆಂಡು ತಡೆದು ಆಡಿದವನನ್ನು ಮೂರನೆಯದಕ್ಕೆ ಅವನ ಮಾವನೇ ಒಳಗೆ ಕರೆಯುತ್ತಾನೆ. ಇಂಥ ಗುರುಕುಲದಲ್ಲಿ ಕಲಿತವನಿಗೆ ಪವರ್‌ಪ್ಲೇಯಲ್ಲಿ ಎಸೆತ ಬಿಡುವುದು, ಅಂದರೆ ಒಳವೃತ್ತದ ಹೊರಗೆ ಇಬ್ಬರೇ ಕಾವಲಿರುವ ಮೊದಲ ಆರು ಓವರುಗಳಲ್ಲಿ ಸುಮ್ಮನಿರುವುದು, ಬಡಿಸಿದ ಎಲೆಯೆದುರು ಕೈಕಟ್ಟಿ ಕುಳಿತಂತೆ ಕಾಣಿಸಿದರೆ ಆಶ್ಚರ್ಯವಿಲ್ಲ.

ಇವೆರಡರ ಆಚೆಗೆ ಜ್ಯೋತಿಷ ಶಾಖೆಯೊಂದಿದ್ದು, ಅದರ ಪ್ರಕಾರ ಬ್ಯಾಟಿಂಗಿಗೂ ಬುದ್ಧಿಗೂ ಸಂಬಂಧವಿಲ್ಲ, ಎಲ್ಲವೂ ತಾರೀಕು. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ 66 ಎಸೆತಗಳಲ್ಲಿ ಔಟಾಗದೆ 175 ಹೊಡೆದು ತಂಡ 263 ಮುಟ್ಟಿತು. 2017ರ ಏಪ್ರಿಲ್ 23ರಂದು ಅದೇ ಗೇಲ್, ಕೊಹ್ಲಿ ಮತ್ತು ಡಿವಿಲಿಯರ್ಸ್ ಮೂವರೂ ಇದ್ದ ತಂಡ ಕೋಲ್ಕತ್ತದಲ್ಲಿ 49ಕ್ಕೆ ಉರುಳಿತು. ಒಬ್ಬನೂ ಎರಡಂಕಿ ಕಾಣಲಿಲ್ಲ. 2022ರ ಏಪ್ರಿಲ್ 23ರಂದು ಹೈದರಾಬಾದಿನ ಎದುರು 68ಕ್ಕೆ ಆಟ ಮುಗಿಯಿತು. ಈ ಮೂರೂ ಸಂಗತಿಗಳು ನಿಜವಾಗಿರುವುದರಿಂದ ಈ ಶಾಖೆಯನ್ನು ಖಂಡಿಸುವುದು ವಿಚಾರವಾದಿಗಳಿಗೂ ಕಷ್ಟವಾಗಿದೆ. ಆ ದಿನ ಹರಕೆಯಾಟವೇನಾದರೂ ಇದ್ದರೆ ಟಿವಿ ಹಾಕದೆ ಆಟಕ್ಕೆ ಹೋಗುವುದೇ ಕ್ಷೇಮವೆಂದು ಜ್ಯೋತಿಷ ಶಾಖೆಯವರು ವಿಧಿಸುತ್ತಾರೆ.

ಆಟವೆಂದರೆ ಇಲ್ಲಿ ಯಕ್ಷಗಾನ, ಮತ್ತು ಶಾಸ್ತ್ರದ ಎರಡನೆಯ ಭಾಗವಾದ ಬಿಟ್ಟವರ ವಿಚಾರವು ಪೂರ್ತಿಯಾಗಿ ಅಲ್ಲಿಂದಲೇ ಬಂದದ್ದು. ಮಂದರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮಳೆ ಹಿಡಿಯುವ ಮುಂಚೆ ಗೆಜ್ಜೆ ಬಿಚ್ಚುತ್ತವೆ. ಆ ಬಳಿಕ ಮಳೆಗಾಲವಿಡೀ ಯಾವ ಭಾಗವತರು ಯಾವ ಮೇಳ ಬಿಟ್ಟರು, ಆ ಮೇಳಕ್ಕೆ ಮುಂದಿನ ವರ್ಷ ಎರಡನೇ ವೇಷಕ್ಕೆ ಯಾರು, ಸ್ತ್ರೀವೇಷದವರನ್ನು ಬಿಟ್ಟ ಯಜಮಾನರಿಗೆ ಬುದ್ಧಿಯುಂಟೋ ಇಲ್ಲವೋ ಎಂಬ ಚರ್ಚೆ ನಡೆಯುವುದು ಐಪಿಎಲ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿನ ರೂಢಿ. ಆದ್ದರಿಂದ ಫ್ರಾಂಚೈಸಿಗಳು ಕೆಲವರನ್ನು ಉಳಿಸಿಕೊಂಡು ಉಳಿದವರನ್ನು ಹರಾಜಿಗೆ ಬಿಡುವ ಪದ್ಧತಿ ಜಾರಿಗೆ ಬಂದಾಗ ಬೆಂಗಳೂರಿನವರಿಗೆ ಅದು ಹೊಸತಾಗಿ ಕಂಡಿರಬಹುದು; ಸಿದ್ದಾಪುರದವರು ನಿಯಮಾವಳಿ ಓದದೆಯೇ ಅಭಿಪ್ರಾಯ ಹೇಳಲು ಸಿದ್ಧರಿದ್ದರು.

ಈ ಭಾಗದ ಪ್ರಧಾನ ಸೂತ್ರವನ್ನು ಸಭೆಯಲ್ಲಿ ಪ್ರಚಲಿತವಿರುವ ರೂಪದಲ್ಲೇ ಕೊಡುವುದಾದರೆ: "ಹ್ವಾಯ್, ಅವ್ನ್ ಎಂತಕ್ಕ್ ಬಿಟ್ರ್ ಮಾರಾಯ್ರೆ?" ಇದಕ್ಕೆ ಉತ್ತರವಿಲ್ಲ, ಉತ್ತರವನ್ನು ಯಾರೂ ನಿರೀಕ್ಷಿಸುವುದೂ ಇಲ್ಲ. 2018ರಲ್ಲಿ ತಂಡವು ಕೊಹ್ಲಿ, ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನರನ್ನು ಉಳಿಸಿಕೊಂಡು ಗೇಲ್ ಮತ್ತು ಕೆ.ಎಲ್. ರಾಹುಲ್ ಇಬ್ಬರನ್ನೂ ಕೈಬಿಟ್ಟಿತು. ಇಬ್ಬರೂ ಪಂಜಾಬಿನ ಪಾಲಾದರು, ರಾಹುಲ್ 11 ಕೋಟಿಗೆ, ಗೇಲ್ 2 ಕೋಟಿಗೆ. 2022ಕ್ಕೆ ಮೊದಲು ಬಿಟ್ಟ ಬೌಲರ್ ಯಜುವೇಂದ್ರ ಚಹಲ್ ಅದೇ ವರ್ಷ ರಾಜಸ್ಥಾನದ ಪರವಾಗಿ 27 ವಿಕೆಟ್ ಕಿತ್ತು ಇಡೀ ಟೂರ್ನಿಗೇ ಮೊದಲಿಗರಾದರು. ಬಿಟ್ಟವನು ಬೆಳಗುತ್ತಾನೆ, ಉಳಿಸಿಕೊಂಡವನು ಸೊರಗುತ್ತಾನೆ ಎಂಬ ನಿಯಮಕ್ಕೆ ಅಪವಾದಗಳು ಬೇಕಾದಷ್ಟಿವೆಯಾದರೂ, ಅಪವಾದಗಳನ್ನು ನೆನಪಿಡುವ ಹೊಣೆಯನ್ನು ಈ ಪೀಠ ವಹಿಸಿಕೊಂಡಿಲ್ಲ.

ರಾಹುಲ್ ವಿಷಯದಲ್ಲಿ ಗಾಯ ಆಳವಾದದ್ದು. ಸುರತ್ಕಲ್‌ನಲ್ಲಿ ಬೆಳೆದ ಹುಡುಗನೆಂದರೆ ಕರಾವಳಿಯ ಲೆಕ್ಕದಲ್ಲಿ ನೆರೆಮನೆಯವ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಾದರೂ ಆತ ಮನೆಗೆ ಬಂದಾನೆಂದು ಕಾದಿದ್ದರೆ, ದೆಹಲಿ 14 ಕೋಟಿಗೆ ಕೊಂಡೊಯ್ದಿತು. ಮುಂದಿನ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ಬೆಂಗಳೂರಿನ ವಿರುದ್ಧ 53 ಎಸೆತಗಳಲ್ಲಿ ಔಟಾಗದೆ 93 ಹೊಡೆದು ಗೆಲ್ಲಿಸಿದ ರಾಹುಲ್, ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು ನಡುವೆ ಬ್ಯಾಟ್ ಊರಿ ಇದು ತನ್ನ ನೆಲವೆಂದು ಸಾರಿದರು. 'ಕಾಂತಾರ' ಚಿತ್ರದಿಂದ ಬಂದ ಸ್ಫೂರ್ತಿ ಅದೆಂದು ಆಮೇಲೆ ತಾವೇ ಹೇಳಿದರು. ಆ ಚಿತ್ರ ತಯಾರಾದದ್ದು ಕುಂದಾಪುರ ಸೀಮೆಯ ಕೆರಾಡಿಯಲ್ಲಿ. ತಮ್ಮ ಸೀಮೆಯ ವೃತ್ತವನ್ನು, ತಮ್ಮ ಕಡೆಯ ಹುಡುಗ, ತಮ್ಮ ತಂಡದ ಅಂಗಳದಲ್ಲಿ, ತಮ್ಮ ತಂಡದ ವಿರುದ್ಧವೇ ಎಳೆದಾಗ ಚಪ್ಪಾಳೆ ತಟ್ಟುವುದೋ ತಲೆಗೆ ಕೈಹೊತ್ತು ಕೂರುವುದೋ ತಿಳಿಯದೆ ಸಭೆ ಎರಡನ್ನೂ ಮಾಡಿತೆಂದು ಊಹಿಸಲು ಪ್ರಮಾಣಾಂತರ ಬೇಡ.

ಅದೇ ಹರಾಜು ತರ್ಕಶಾಸ್ತ್ರಕ್ಕೂ ಒಂದು ಉಪಕಾರ ಮಾಡಿತು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು ತಿಳಿಯುವುದಕ್ಕೆ ಅರ್ಥಾಪತ್ತಿಯೆಂದು ಮೀಮಾಂಸಕರ ಹೆಸರು. ಜೆಡ್ಡಾದಲ್ಲಿ ಮೊದಲ ದಿನ ಯಾರಿಗೂ ಬೇಡವಾದ ದೇವದತ್ತ ಪಡಿಕ್ಕಲ್ ಎರಡನೆಯ ದಿನ 2 ಕೋಟಿಗೆ ಬೆಂಗಳೂರಿನ ಪಾಲಾಗಿ, ಹಳೆಯ ಉದಾಹರಣೆಗೆ ಹೊಸ ಜೀವ ಬಂದಿತು. ಗಾಯಗೊಂಡು ಆತ ಹೊರಗುಳಿದಾಗ ಬಂದವರು ಮಯಾಂಕ್ ಅಗರ್ವಾಲ್. ಅವರೂ ಎಂದೋ ಈ ತಂಡ ಬಿಟ್ಟುಹೋದವರೇ.

ಹೊಡೆಯುವವನನ್ನು ಬಿಟ್ಟು ಕೆಟ್ಟ ಕಥೆ ಸಿದ್ದಾಪುರದ ಸ್ವತ್ತೇನೂ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ, ದುಂಡನೆಯ ದೊಣ್ಣೆಯಿಂದ ಚೆಂಡು ಬಾರಿಸಿ ನಾಲ್ಕು ಮೂಲೆ ಸುತ್ತಿ ಬರುವ ಆಟವುಂಟು. ಅದರಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ ಬೇಬ್ ರೂತ್ ಎಂಬ ಮಹಾ ಹೊಡೆತಗಾರನನ್ನು 1919ರ ಕೊನೆಯಲ್ಲಿ ನ್ಯೂಯಾರ್ಕಿಗೆ ಮಾರಿ, 1918ರಲ್ಲಿ ಗೆದ್ದಿದ್ದ ಕಿರೀಟವನ್ನು ಮತ್ತೆ ಕಾಣಲು 2004ರವರೆಗೆ ಕಾಯಬೇಕಾಯಿತು. ಅಲ್ಲಿನವರು ಅದನ್ನು ಶಾಪವೆಂದೇ ಕರೆದರು. 86 ವರ್ಷವೆಂದರೆ ಸಿದ್ದಾಪುರದವರಿಗೂ ಗೌರವ ಹುಟ್ಟಿಸುವ ಅಂಕಿ. ಆದರೆ ಬಾಸ್ಟನ್ನಿನವರು ಬಿಟ್ಟದ್ದಕ್ಕೆ ಒಂದೇ ಹೆಸರು ಹಿಡಿದು ಅತ್ತರು, ಇಲ್ಲಿ ಪ್ರತಿ ಹರಾಜಿಗೂ ಹೊಸ ಹೆಸರು ಸೇರುತ್ತದೆ.

ಇಷ್ಟರವರೆಗೆ ಇಡೀ ಶಾಸ್ತ್ರ ನಿಂತಿದ್ದದ್ದು ಅನುಪಲಬ್ಧಿ ಎಂಬ ಪ್ರಮಾಣದ ಮೇಲೆ. ಇಲ್ಲದಿರುವಿಕೆಯಿಂದಲೇ ಜ್ಞಾನ ಪಡೆಯುವುದು ಇದರ ಲಕ್ಷಣ. ಪಾತ್ರೆ ಕಾಣಿಸದಿದ್ದರೆ ಪಾತ್ರೆ ಇಲ್ಲ. ಇಲ್ಲಿ ಕಾಣಿಸದ ಪಾತ್ರೆ ಯಾವುದೆಂದು ವಿವರಿಸಬೇಕಿಲ್ಲ. 2009ರಲ್ಲಿ 6 ಓಟದಿಂದ, 2011ರಲ್ಲಿ 58ರಿಂದ, ಕೊಹ್ಲಿಯೊಬ್ಬರೇ 973 ಓಟ ಗಳಿಸಿದ 2016ರಲ್ಲಿ 8ರಿಂದ ಫೈನಲ್ ಸೋತದ್ದರಿಂದ "ಈ ಸಲ ಕಪ್ ನಮ್ದೆ" ಎಂಬ ಪ್ರತಿಜ್ಞಾವಾಕ್ಯವು ಪ್ರತಿ ಮಾರ್ಚಿನಲ್ಲಿ ಪ್ರತಿಜ್ಞೆಯಾಗಿ ಹುಟ್ಟಿ ಮೇ ತಿಂಗಳಲ್ಲಿ ಪ್ರಹಸನವಾಗಿ ಕೊನೆಗೊಳ್ಳುತ್ತಿತ್ತು. 2024ರ ಮಾರ್ಚಿನಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ ಕಪ್ ಗೆದ್ದಾಗಲೇ ಪ್ರಮಾಣ ಬಿರುಕುಬಿಟ್ಟಿತ್ತು; ಗಂಡಸರ ಪೀಠ ಅದನ್ನು ಅಭಿನಂದಿಸಿ ಬದಿಗಿಟ್ಟಿತು. ಹೆಣ್ಣುಮಕ್ಕಳು ಹೇಗೆ ಬ್ಯಾಟ್ ಮಾಡಿದರೆಂದು ಒಬ್ಬನಾದರೂ ವಿಚಾರಿಸಿದ್ದರೆ ಶಾಸ್ತ್ರ ಒಂದು ವರ್ಷ ಬೇಗ ಮುಂದುವರಿಯುತ್ತಿತ್ತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಜತ್ ಪಾಟೀದಾರ್ ನಾಯಕತ್ವದ ತಂಡ 190 ಹೊಡೆದು ಪಂಜಾಬನ್ನು 184ಕ್ಕೆ ನಿಲ್ಲಿಸಿತು. ಹದಿನೆಂಟನೆಯ ಪ್ರಯತ್ನದಲ್ಲಿ ಪಾತ್ರೆ ಕಾಣಿಸಿತು, ಅನುಪಲಬ್ಧಿ ಬಿದ್ದುಹೋಯಿತು. ಸಂತೋಷದಲ್ಲಿ ಪಂಥಭೇದಗಳೂ ಬಿದ್ದುಹೋಗಬೇಕಿತ್ತೆಂದು ಹೊರಗಿನವರು ಭಾವಿಸಬಹುದು. ಪಟಾಕಿಯ ಹೊಗೆ ಆರುವ ಮುಂಚೆಯೇ ಫೈನಲಿನಲ್ಲಿ ಕೊಹ್ಲಿ 35 ಎಸೆತಗಳಲ್ಲಿ 43 ಗಳಿಸಿದ್ದು ಚರ್ಚೆಗೆ ಬಂದಿತು. ಅವರು ನಿಂತದ್ದಕ್ಕೇ 190 ಆಯಿತು ಎಂದು ನಿಂತಾಟದವರು, 10 ಎಸೆತಗಳಲ್ಲಿ 24 ಚಚ್ಚಿದ ಜಿತೇಶ್ ಶರ್ಮಾ ಮೊದಲೇ ಬಂದಿದ್ದರೆ 220 ಆಗುತ್ತಿತ್ತು ಎಂದು ಬೀಸಾಟದವರು, ಇಬ್ಬರೂ ಗೆದ್ದ ಪಂದ್ಯವನ್ನೇ ಮುಂದಿಟ್ಟುಕೊಂಡು ವಾದಿಸಿದರು. 17 ಓಟಕ್ಕೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠನಾದ ಕೃಣಾಲ್ ಪಾಂಡ್ಯ ಬೌಲಿಂಗಿನಿಂದ ಗೆಲ್ಲಿಸಿದನೆಂಬ ಮಧ್ಯಮ ಮಾರ್ಗವನ್ನು ಸೂಚಿಸಿದವನಿಗೆ ಚಾ ಕೊಟ್ಟು ಸುಮ್ಮನಾಗಿಸಲಾಯಿತು.

ಅದೇ ವರ್ಷ ನವೆಂಬರಿನಲ್ಲಿ, ಮೇಳಗಳು ಗೆಜ್ಜೆ ಕಟ್ಟುವ ಹೊತ್ತಿಗೆ, ಕಪ್ ಗೆದ್ದ ತಂಡವು ಮಯಾಂಕ್ ಅಗರ್ವಾಲ್ ಮತ್ತು ಲಿಯಾಮ್ ಲಿವಿಂಗ್‌ಸ್ಟನ್ ಇಬ್ಬರನ್ನೂ ಬಿಟ್ಟಿತು. 8.75 ಕೋಟಿ ಕೊಟ್ಟು ತಂದ ಲಿವಿಂಗ್‌ಸ್ಟನ್‌ನನ್ನು ಹೊರಗೆ ಹಾಕಬೇಕೆಂದು ಋತುವಿಡೀ ವಾದಿಸಿದ್ದು ಬೀಸಾಟ ಪಂಥವೇ. ಹೀಗಾಗಿ ಆ ದಿನ ಅವರು ಆಡಳಿತದ ಬುದ್ಧಿಯನ್ನು ಹೊಗಳಿದ್ದು ದಾಖಲಾರ್ಹ. ಡಿಸೆಂಬರಿನ ಹರಾಜಿನಲ್ಲಿ ಹೈದರಾಬಾದ್ ಅದೇ ಆಟಗಾರನಿಗೆ 13 ಕೋಟಿ ಕೊಟ್ಟ ಸುದ್ದಿ ಬಂದ ಸಂಜೆ, ಆ ಪಂಥದ ಹಿರಿಯರೊಬ್ಬರು ಹಿಂದಿನ ಸೀಟಿನಿಂದ ಇಳಿದು, ಹೈದರಾಬಾದಿನವರಿಗೆ ಕಂಡದ್ದು ನಮ್ಮವರಿಗೆ ಯಾಕೆ ಕಾಣಲಿಲ್ಲವೆಂದು ಕೇಳಿದರು.