ಫಸ್ಟ್ ಪ್ರೆಸ್ಸಿಂಗ್ ಮಹಾಶಯರ ಸನ್ನಿಧಾನಕ್ಕೆ

ಮಹಾರಾಜಶ್ರೀ ಹಾರ್ಡ್ ರಾಕ್ ಎಲ್‌ಪಿಗಳ ಮೊದಲ ಅಚ್ಚಿನ ಪ್ರತಿಗಳಾದ ಫಸ್ಟ್ ಪ್ರೆಸ್ಸಿಂಗ್‌ನವರ ಸನ್ನಿಧಾನಕ್ಕೆ, ಬೆಂಗಳೂರಿನಿಂದ ತಮ್ಮ ಪಾದಸೇವಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನನ್ನ ಪಾಸ್‌ಬುಕ್ ಒಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ತಾವೂ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗಿನ ಕವರಿನೊಳಗೆ, ನೆಟ್ಟಗೆ ನಿಂತು ಸುಖವಾಗಿದ್ದೀರೆಂದು ನಂಬಿದ್ದೇನೆ. ಹೊರಗೆ ತೆಗೆದು ವಿಚಾರಿಸೋಣವೆಂದರೆ ನನ್ನ ಬೆರಳ ಜಿಡ್ಡು ತಗುಲೀತೆಂಬ ಭಯ.

ಮೊದಲು ಕೃತಜ್ಞತೆ. ಬಣ್ಣದ ಬೆಲೆ ಕಲಿಸಿದ ಗುರುಗಳು ತಾವು. 1969ರಲ್ಲಿ ಲೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಂ ಇಂಗ್ಲೆಂಡಿನಲ್ಲಿ ಬಂದಾಗ ಕವರಿನ ಅಕ್ಷರ ಹಸಿರು ಬೆರೆತ ನೀಲಿ. ಬೇಗನೆ ಅದು ಕಿತ್ತಳೆಯಾಯಿತು. ಒಳಗಿನ ಹಾಡುಗಳಲ್ಲಿ ಒಂದು ಸ್ವರವೂ ಆಚೀಚೆ ಆಗಲಿಲ್ಲ. ಆದರೂ ನೀಲಿ ಅಕ್ಷರದ ಒಳ್ಳೆಯ ಪ್ರತಿ ಬೇಕೆಂದರೆ ಹೊಸ ಬೈಕು ಬರುವಷ್ಟು ದುಡ್ಡು ಎಣಿಸಬೇಕು. ರಾಬರ್ಟ್ ಪ್ಲಾಂಟ್ ಕಂಠ ಪುಕ್ಕಟೆ, ಶಾಯಿಗೆ ಕಾಸು.

ಅದೇ ತಂಡದ ಎರಡನೆಯ ಆಲ್ಬಮ್ಮಿನಲ್ಲಿ ತಮ್ಮ ಲೀಲೆ ಇನ್ನೂ ದೊಡ್ಡದು. ಅಮೆರಿಕದ ಮಾಸ್ಟರಿಂಗ್ ಎಂಜಿನಿಯರ್ ಬಾಬ್ (ರಾಬರ್ಟ್) ಲುಡ್ವಿಗ್ ಅದನ್ನು ಎಷ್ಟು ಜೋರಾಗಿ ಕಟ್ ಮಾಡಿದ್ದರೆಂದರೆ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳೇ ಎಗರುತ್ತಿತ್ತು. ಕಂಪನಿ ಹೆದರಿ, ಸದ್ದು ತಗ್ಗಿಸಿ ಮತ್ತೆ ಕಟ್ ಮಾಡಿಸಿತು. ಅಂದು ಸರಿಯಿಲ್ಲವೆಂದು ಕೈಬಿಟ್ಟದ್ದೇ ಇಂದು ಸಂಗ್ರಾಹಕರ ಕುಲದೇವರು. ಲೇಬಲ್ಲಿಗೂ ಕೊನೆಯ ಹಾಡಿಗೂ ನಡುವಿನ ನುಣುಪು ಜಾಗದಲ್ಲಿ ಅವರ ಹೆಸರಿನ ‘ಆರ್‌ಎಲ್’ ಗೀಚಿದೆಯೇ ಎಂದು ನೋಡಲು ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ಭೂತಗನ್ನಡಿ ಹಿಡಿದು ಬಗ್ಗಿದವನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಕಿವಿ ಕೊಟ್ಟು ಮಾಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸಿದ್ದಕ್ಕೆ ನನ್ನ ಕನ್ನಡಕದ ಅಂಗಡಿಯವರೂ ತಮಗೆ ಋಣಿ.

ಇನ್ನು ಮಾನದ ವಿಷಯ. ಆಲಿಸ್ ಕೂಪರ್ ತಂಡದ ‘ಸ್ಕೂಲ್ಸ್ ಔಟ್’ 1972ರಲ್ಲಿ ಬಂತು. ಕವರು ಶಾಲೆಯ ಡೆಸ್ಕಿನ ಹಾಗೆ, ಮುಚ್ಚಳ ಎತ್ತಬಹುದು. ಒಳಗೆ ತಾವು, ಕಾಗದದ ಚಡ್ಡಿ ತೊಟ್ಟುಕೊಂಡು. ಐವತ್ತು ವರ್ಷ ದಾಟಿದ ಮೇಲೂ ಆ ಚಡ್ಡಿ ಮೈಮೇಲಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಹಾಗಾಗಿ ಒಂದು ಭಾನುವಾರ ನಡುಮನೆಯಲ್ಲಿ ನಿಂತು ಫೋನಿನಲ್ಲಿ ವಿಚಾರಿಸುತ್ತಿದ್ದೆ: “ಚಡ್ಡಿ ಇದೆಯಾ ಸಾರ್? ಹರಿದಿಲ್ಲ ತಾನೇ? ಒರಿಜಿನಲ್ಲಾ, ಆಮೇಲೆ ಹಾಕಿದ್ದಾ? ಒಂದು ಫೋಟೋ ತೆಗೆದು ಕಳಿಸ್ತೀರಾ?” ಸೋಫಾದಲ್ಲಿದ್ದ ನಮ್ಮತ್ತೆಯವರು ಕಾಫಿ ಲೋಟ ಕೆಳಗಿಟ್ಟು ಒಳಗೆ ಹೋದರು. ಆ ಕಾಫಿ ಆರಿತು. ಅಂದಿನಿಂದ ಅವರು ನನಗೇನು ಹೇಳಬೇಕಾದರೂ ಮಗಳ ಮುಖಾಂತರವೇ. ಈ ಉಪಕಾರವನ್ನಂತೂ ಏಳು ಜನ್ಮಕ್ಕೂ ತೀರಿಸಲಾರೆ.

ಈಗ ವಿನಮ್ರವಾಗಿ ಒಂದು ಸಂಶಯ. 1970ರ ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಂ, ವರ್ಟಿಗೋ ಕಂಪನಿಯದು, ನಮ್ಮ ಬಡಮನೆಗೂ ದಯಮಾಡಿಸಿದೆ. ಲೇಬಲ್ ತುಂಬ ಕಪ್ಪು ಬಿಳುಪು ಸುರುಳಿ. ಒಂದು ಬದಿಯಲ್ಲಿ ಹಾಡಿನ ಹೆಸರಿಗೂ ಜಾಗವಿಲ್ಲ, ಎರಡೂ ಬದಿಯ ವಿವರ ಇನ್ನೊಂದು ಬದಿಗೆ. ತಟ್ಟೆ ತಿರುಗುವಾಗ ಆ ಸುರುಳಿ ನಮ್ಮನ್ನೇ ಒಳಗೆಳೆದಂತೆ ಸುತ್ತುತ್ತದಂತೆ. ನಾನು ಕಂಡಿಲ್ಲ. ತಿರುಗಿಸಿದರೆ ಮುಳ್ಳು ತಾಗುತ್ತದೆ, ಮುಳ್ಳು ತಾಗಿದರೆ ತಾವು ಸವೆಯುತ್ತೀರಿ. ಆದರೆ ಈ ಆಲ್ಬಂ ಮಾಡಿದವರು ಯಾರು? ಬರ್ಮಿಂಗ್‌ಹ್ಯಾಮಿನ ಕೂಲಿ ಮನೆಗಳ ಹುಡುಗರು. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕೊಟ್ಟು, ಪ್ಲಾಸ್ಟಿಕ್ ಕರಗಿಸಿ ತಾನೇ ಟೊಪ್ಪಿಗೆ ಮಾಡಿ ತೊಡಿಸಿಕೊಂಡು ನುಡಿಸಿದವನು. ರೆಕಾರ್ಡಿಂಗ್ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿದಿತ್ತು. ಅಕ್ಕಪಕ್ಕದವರು ಗೋಡೆ ಬಡಿಯಲಿ ಎಂದೇ ಹುಟ್ಟಿದ ಸದ್ದು ಅದು. ಅದನ್ನು ಬೀರುವಿನಲ್ಲಿಟ್ಟು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತ, ಸದ್ದಿಲ್ಲದೆ ಸೇವೆ ಮಾಡುವ ಭಾಗ್ಯ ನನ್ನದು. ಅದರ ಗಾಯಕ ಓಜಿ ಆಸ್ಬರ್ನ್ ಇಷ್ಟು ತೆಪ್ಪಗೆ ಇನ್ಯಾರ ಮನೆಯಲ್ಲೂ ಕೂತಿರಲಾರ.

ತಮ್ಮ ಸಮ್ಮುಖದಲ್ಲಿ ಹೇಳಬಾರದು, ಆದರೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಲ್ಕತ್ತೆಯ ದಂ ದಂ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ ಡೀಪ್ ಪರ್ಪಲ್ ಪ್ಲೇಟೊಂದಿದೆ. ತೆಳ್ಳನೆ ಕವರು, ಮೂಲೆ ಹರಿದಿದೆ, ಹಿಂದಿನ ಮಾಲೀಕರು ಬಾಲ್‌ಪೆನ್ನಿನಲ್ಲಿ ಹೆಸರನ್ನೂ ಕಾಲೇಜಿನ ಸೆಕ್ಷನ್ನನ್ನೂ ಬರೆದಿದ್ದಾರೆ. ತಮ್ಮ ಭಕ್ತಮಂಡಳಿಯಲ್ಲಿ ಅದಕ್ಕೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಮುಳ್ಳಿಟ್ಟರೆ ಮೊದಲು ಒಗ್ಗರಣೆ ಸಿಡಿದಂತೆ ಚಟಪಟ, ಆಮೇಲೆ ಜಾನ್ ಲಾರ್ಡ್ ಆರ್ಗನ್ ಶುರುವಾದರೆ ಕಿಟಕಿ ಗಾಜು ಅದುರುತ್ತದೆ. ಆ ಹೊತ್ತಿನಲ್ಲಿ ಬೀರುವೂ ಅದುರುತ್ತದೆ. ತಮ್ಮ ನಿದ್ರಾಭಂಗವಾಗಿದ್ದರೆ ಕ್ಷಮೆಯಿರಲಿ.

ಇತಿ ತಮ್ಮ ವಿಧೇಯ, ಬೀರುವಿನ ಕಾವಲುಗಾರ.

ವಿ.ಸೂ.: ತಮ್ಮನ್ನು ಕೊಳ್ಳಲು ಮೊನ್ನೆ ಒಬ್ಬರು ಬಂದಿದ್ದರು. ಲೇಬಲ್ ನೋಡಿದರು, ಕವರಿನ ಅಂಚು ಸವರಿದರು, ನಂಬರು ಬರೆದುಕೊಂಡರು. ಕೊನೆಗೆ, “ಪ್ಲೇ ಗೀ ಮಾಡಿದ್ದೀರಾ?” ಎಂದು ಗಾಬರಿಯಿಂದ ಕೇಳಿದರು. ಅಪಚಾರ, ನಮ್ಮ ಮನೆಗೆ ಬಂದಮೇಲೆ ಒಂದು ಸಲವೂ ಇಲ್ಲವೆಂದೆ. ಅಲ್ಲೇ ಐದು ಸಾವಿರ ಏರಿಸಿದರು.