ಒಬ್ಬನೇ ಬಾರ್ಸಿದ್ರ ಎಷ್ಟು ಚಾ?

(ಉಚ್ಚಂಗಿದುರ್ಗ. ಗುಡ್ಡದ ಮೆಟ್ಟಿಲ ಬುಡದಾಗಿನ ಚಾದಂಗಡಿ.)

ಕೊಟ್ರೇಶ: ನಿಂಗಮ್ಮ, ಇನ್ಮ್ಯಾಲೆ ನಾನೊಬ್ನೇ ಬ್ಯಾಂಡು. ಗಿಟಾರು, ಡ್ರಮ್ಮು, ಕೀಬೋರ್ಡು, ಹಾಡು, ಎಲ್ಲಾ ನಂದೇ.

ನಿಂಗಮ್ಮ: ಹಂಗಾರ ಚಾ ಎಷ್ಟು?

ಕೊಟ್ರೇಶ: ಒಂದು.

ನಿಂಗಮ್ಮ: ಮೊನ್ನೆ ಐದು ಒಯ್ದಿದ್ದಿ. ಉಳಿದ ನಾಕು ಮಂದಿ ಮುನಿಸ್ಕೊಂಡ್ರೇನು?

ಕೊಟ್ರೇಶ: ಅವ್ರಿಗೆ ಪ್ರಯೋಗ ತಿಳಿಯಂಗಿಲ್ಲ. ಜೀನಿಯಸ್ ಅನ್ನೋನು ಒಬ್ನೇ ಮಾಡ್ತಾನ. ಇಂಗ್ಲೆಂಡಿನ ಮೈಕ್ ಓಲ್ಡ್‌ಫೀಲ್ಡ್, 1973ರಾಗ ‘ಟ್ಯೂಬ್ಯುಲರ್ ಬೆಲ್ಸ್’ ಆಲ್ಬಂ ತಂದಾಗ ವಯಸ್ಸು ಬರೇ 20. ರಾಕಿನ ಜೊತಿಗೆ ಜಾನಪದ ಕಲಸಿ, ಒಂದೊಂದು ಬದಿಗೂ ಒಂದೊಂದೇ ಕೃತಿ. ವಾದ್ಯ ಎಲ್ಲಾ ಅವಂದೇ!

ನಿಂಗಮ್ಮ: ಅಷ್ಟೂ ವಾದ್ಯಕ್ಕ ಒಂದೇ ಚಾ?

ಕೊಟ್ರೇಶ: ಒಂದೇ!

ನಿಂಗಮ್ಮ: ಗಿಟಾರು ಕುಡಿದ್ರ ಡ್ರಮ್ಮಿಗೆ?

ಕೊಟ್ರೇಶ: ಒಂದೇ ಅಂದ್ನೆಲ್ಲಬೇ!

ಮೇಷ್ಟ್ರು (ಪೇಪರ್ ಮಡಚಿ): ಆ ಓಲ್ಡ್‌ಫೀಲ್ಡ್ ಹುಡುಗ ಜಾಣ, ಖರೆ. ಇಸಗೊಂಡ ಟೇಪ್ ರೆಕಾರ್ಡರಿನ ಅಳಿಸೋ ಹೆಡ್ಡಿಗೆ ರಟ್ಟಿನ ಚೂರು ಅಡ್ಡ ಇಟ್ಟ. ಮೊದಲ ದನಿ ಅಳಿಸಲಿಲ್ಲ, ಅದರ ಮ್ಯಾಲೇ ಇನ್ನೊಂದು ಕೂತ್ಕಂತು. ಆಮ್ಯಾಲೆ ಮ್ಯಾನರ್ ಸ್ಟುಡಿಯೋದಾಗ 16 ಟ್ರ್ಯಾಕಿನ ಮಷಿನ್ ಸಿಕ್ತು.

ಕೊಟ್ರೇಶ: ನೋಡ್ರಿ ಮತ್ತ, ಒಬ್ನೇ!

ಮೇಷ್ಟ್ರು: ಒಬ್ನೇ ಎಲ್ಲಿ? ಆ ಆಲ್ಬಂನಾಗ ಡ್ರಮ್ಮು ಸ್ಟೀವ್ ಬ್ರಾಟನ್. ಕೊಳಲು ಜಾನ್ ಫೀಲ್ಡ್. ಹೆಣ್ದನಿಗೆ ಅವನ ಅಕ್ಕ ಸ್ಯಾಲಿ. ವಾದ್ಯದ ಹೆಸರು ಕೂಗಿದೋನು ವಿವಿಯನ್ ಸ್ಟ್ಯಾನ್‌ಶಾಲ್. ಮಷಿನ್ ಮುಂದ ಟಾಮ್ ನ್ಯೂಮನ್, ಸೈಮನ್ ಹೇವರ್ತ್.

ನಿಂಗಮ್ಮ (ಬೆರಳು ಮಡಚುತ್ತ): ಏಳು ಚಾ! ಯಾರು ಕೊಡ್ತಾರ ರೊಕ್ಕ?

ಕೊಟ್ರೇಶ: ಅದಿರ್ಲಿ, ನಂದು ಕೇಳ್ರಿ. (ಮೊಬೈಲ್ ಒತ್ತುತ್ತಾನೆ. ಗರ್ರ್... ಟಣ್... ಮೌನ... ಮತ್ತೆ ಗರ್ರ್.)

ನಿಂಗಮ್ಮ: ನಮ್ಮ ಮಿಕ್ಸಿ ಸುಟ್ಟಾಗ ಹಿಂಗೇ ಅಂತಿತ್ತು. ಏನಿದು, ತಿಳೀಲಿಲ್ಲ.

ಕೊಟ್ರೇಶ: ತಿಳೀದೇ ಇರೋದೇ ಪ್ರಯೋಗ!

ಮೇಷ್ಟ್ರು: ಎಲ್ಲಾರಿಗೂ ‘ನಾನೊಬ್ನೇ’ ಅನ್ನೋ ಗೀಳು ಹತ್ತೇತಿ. ಭರತ ಹುಣ್ಣಿಮಿಗೆ ಉಚ್ಚೆಂಗೆಮ್ಮನ ಗುಡ್ಡಕ್ಕ ಬರೋ ಜೋಗತಿಯರನ್ನ ನೋಡಿಯೇನು? ಚೌಡಿಕೆ ಬಗಲಾಗ ಅವುಚಿ, ಒಂದು ಕೈಲೆ ತಂತಿ ಬಿಗಿಹಿಡಿದು, ಇನ್ನೊಂದರಲೆ ಮೀಟ್ತಾ, ಬಾಯಿಲೆ ಹಾಡ್ತಾಳ. ಒಬ್ಬಾಕಿ, ಮೂರು ಕೆಲಸ. ಆದ್ರೂ ‘ನಾನೊಬ್ಬಾಕಿನೇ’ ಅನ್ನಂಗಿಲ್ಲ. ಪಕ್ಕದಾಗ ಶ್ರುತಿ, ತಾಳದೋರು ಬೇಕು. 2021ರಾಗ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿನೂ ಕಾಳವ್ವ ಜೋಗತಿ ಕಡೆ ಕಲ್ತು ಮ್ಯಾಲೆ ಬಂದೋರು.

ಕೊಟ್ರೇಶ: ಹಂಗಾರ ನಾನು ಪ್ರಯೋಗ ಮಾಡಬಾರ್ದಾ?

ಮೇಷ್ಟ್ರು: ಮಾಡಪ್ಪಾ, ನೂರು ವಾದ್ಯ ಬಾರ್ಸು. ಕೇಳಿದೋರಿಗೆ ತಿಳೀಲಿಲ್ಲ ಅಂತ ಮಾತ್ರ ಮೀಸಿ ತಿರುವಬ್ಯಾಡ. ಓಲ್ಡ್‌ಫೀಲ್ಡ್ ಮೊದಲು ಗಿಟಾರು ಕಲ್ತ, ಆಮ್ಯಾಲೆ ಪ್ರಯೋಗ ಮಾಡಿದ. ನೀನು ಮೊದಲು ತಾಳ ಕಲಿ.